ನರಮಂಡಲದ ಪಾಠ ಬಿಸಿ ಪಾತ್ರೆಗೇ ನಿಲ್ಲಬೇಕೇ?

ಜೀವವಿಜ್ಞಾನ ಬೋಧನಾ ವಿಧಾನದ ಮೇಲ್ವಿಚಾರಕನಾಗಿ ಈ ಸಲದ ಅಭ್ಯಾಸ ಬೋಧನೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ನರಮಂಡಲದ ಪಾಠಗಳನ್ನು ಸಾಕಷ್ಟು ನೋಡಿದೆ. ಎಲ್ಲದರಲ್ಲೂ ಬಿಸಿ ಪಾತ್ರೆ ಇತ್ತು. ಕೈ ತಾಗುತ್ತದೆ, ಜ್ಞಾನವಾಹಿ ನರ ಸುದ್ದಿಯನ್ನು ಮೆದುಳುಬಳ್ಳಿಗೆ ಒಯ್ಯುತ್ತದೆ, ಕ್ರಿಯಾವಾಹಿ ನರ ಸ್ನಾಯುವಿಗೆ ಅಪ್ಪಣೆ ತರುತ್ತದೆ, ಕೈ ಹಿಂದೆ ಬರುತ್ತದೆ. ಚಾರ್ಟು ಚೆಂದ, ಬಾಣದ ಗುರುತುಗಳು ಸರಿ, ಮೌಲ್ಯಮಾಪನದ ಪ್ರಶ್ನೆಗಳಿಗೆ ಮಕ್ಕಳ ಉತ್ತರವೂ ಸರಿ. ವೀಕ್ಷಣಾ ಹಾಳೆಯಲ್ಲಿ ಅಂಕ ಕಡಿಮೆ ಮಾಡಲು ಕಾರಣವೇ ಇಲ್ಲ. ಆದರೂ ನನಗೊಂದು ತಕರಾರಿದೆ. ಈ ಪಾಠದಿಂದ ಮಗು ತನ್ನ ನೋವಿನ ಬಗ್ಗೆ ಮನೆಗೆ ಒಯ್ಯುವ ತಿಳಿವಳಿಕೆ ತಪ್ಪಾದದ್ದು.

ನೋವೆಂದರೆ ಗಾಯದ ಜಾಗದಿಂದ ಮೆದುಳಿಗೆ ಹೋಗುವ ಸುದ್ದಿ. ಗಾಯ ದೊಡ್ಡದಾದರೆ ನೋವೂ ದೊಡ್ಡದು, ಗಾಯ ಕಾಣದಿದ್ದರೆ ನೋವೂ ಇಲ್ಲ. ಮಗುವಿನ ತಲೆಯಲ್ಲಿ ಉಳಿಯುವುದು ಇದು. 17ನೇ ಶತಮಾನದಲ್ಲಿ ರೆನೆ ಡೆಕಾರ್ಟ್ ನೋವನ್ನು ವಿವರಿಸಿದ್ದೂ ಹೀಗೆಯೇ: ಹಗ್ಗದ ಒಂದು ತುದಿ ಎಳೆದರೆ ಇನ್ನೊಂದು ತುದಿಯಲ್ಲಿ ಗಂಟೆ ಬಾರಿಸಿದಂತೆ. ಆದರೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಬೇರೊಂದು ಸಿದ್ಧಾಂತ ಮುಂದಿಟ್ಟರು. ಮೆದುಳುಬಳ್ಳಿಯಲ್ಲಿ ಬಾಗಿಲಿನಂಥ ಏರ್ಪಾಡಿದೆ. ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದರೆ ಬಾಗಿಲು ಸ್ವಲ್ಪ ಮುಚ್ಚುತ್ತದೆ. ಮೇಲಿನಿಂದ ಮೆದುಳು ಕೂಡ ಅದನ್ನು ತೆರೆಯಬಲ್ಲದು, ಮುಚ್ಚಬಲ್ಲದು. ವಿವರಗಳು ಆಮೇಲೆ ತಿದ್ದುಪಡಿಯಾಗಿವೆ, ಮೂಲ ಮಾತು ನಿಂತಿದೆ.

ಇದನ್ನು ಪ್ರೌಢಶಾಲೆಯ ಮಗುವಿಗೆ ಹೇಳಲು ಚಾರ್ಟೂ ಬೇಡ. ಮೊಣಕೈ ಬಾಗಿಲಿಗೆ ಬಡಿದರೆ ನಾವು ಮೊದಲು ಮಾಡುವುದೇ ಉಜ್ಜಿಕೊಳ್ಳುವುದು. ಕಬಡ್ಡಿಯಲ್ಲಿ ತರಚಿದ ಮಂಡಿ ಆಟ ಮುಗಿದ ಮೇಲೆ ಉರಿಯತೊಡಗುತ್ತದೆ. ಅಷ್ಟೇಕೆ, ಬಿಸಿ ಪಾತ್ರೆಯ ಪಾಠದಲ್ಲೇ ಸುಳಿವಿದೆ: ಕೈ ಮೊದಲು ಹಿಂದೆ ಬರುತ್ತದೆ, ನೋವು ಆಮೇಲೆ ತಿಳಿಯುತ್ತದೆ. ಅಂದರೆ ಸುದ್ದಿ ಬೇರೆ, ನೋವು ಬೇರೆ. ನಾನು ನೋಡಿದ ಪಾಠಗಳಲ್ಲಿ ಒಬ್ಬ ಪ್ರಶಿಕ್ಷಣಾರ್ಥಿಯೂ ಅಲ್ಲಿ ನಿಂತು "ಯಾಕೆ?" ಎಂದು ಕೇಳಲಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಹಟ ಎನ್ನಬಹುದು. ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆನ್ನುನೋವೆಂದು ಗೋಡೆಗೆ ಒರಗಿ ಕುಳಿತಿದ್ದಳು. ಡಾಕ್ಟರು ನೋಡಿದ್ದರು, ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲವಂತೆ. "ಏನೂ ಇಲ್ಲವಲ್ಲಮ್ಮ, ಸುಮ್ಮನೆ ನಾಟಕ" ಎಂದರು ಟೀಚರು. ಮನೆಯವರದು ಇದಕ್ಕೆ ತಿರುಗಾಮುರುಗಾ: ಆಟದ ಅವಧಿಗೆ ಕಳಿಸಬೇಡಿ ಎಂದು ಚೀಟಿ ಕೊಟ್ಟಿದ್ದರು. ಟೀಚರೂ ಮನೆಯವರೂ ನಂಬಿದ್ದು ಅದೇ ಹಗ್ಗ-ಗಂಟೆಯ ಲೆಕ್ಕವನ್ನು. ಗಾಯವಿಲ್ಲದಿದ್ದರೆ ನೋವು ಸುಳ್ಳು. ನೋವಿದ್ದರೆ ಒಳಗೆ ಏನೋ ಮುರಿದಿದೆ, ಅಲುಗಾಡಬಾರದು. ಹುಡುಗಿಯ ನೋವು ನಿಜ, ಎಕ್ಸ್‌ರೇಯೂ ನಿಜ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ಅಲುಗಾಡದೆ ಕೂತರೆ ಸ್ನಾಯು ಸೊರಗುತ್ತದೆ. ಪ್ಲಾಸ್ಟರ್ ಬಿಚ್ಚಿದಾಗ ಸಣ್ಣಗಾದ ಕಾಲನ್ನು ಮಕ್ಕಳು ನೋಡಿಯೇ ಇರುತ್ತಾರೆ. ಸೊರಗಿದ ಸ್ನಾಯು ಬೇಗ ದಣಿಯುತ್ತದೆ, ದಣಿದ ಬೆನ್ನು ಮತ್ತೆ ನೋಯುತ್ತದೆ, ನೋವಿಗೆ ಹೆದರಿ ಇನ್ನಷ್ಟು ಕೂರುತ್ತೇವೆ. ಹಿಂದೆ ಸೊಂಟನೋವಿಗೆ ಹಾಸಿಗೆ ವಿಶ್ರಾಂತಿ ಹೇಳುತ್ತಿದ್ದ ವೈದ್ಯರು ಈಗ ಸಾಮಾನ್ಯವಾಗಿ ಆದಷ್ಟು ಓಡಾಡಿ ಎನ್ನುತ್ತಾರೆ. ಮಂಡಿ ಸವೆದ ಹಿರಿಯರಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮದಿಂದ ನೋವು ತಗ್ಗುತ್ತದೆ. ಸವೆದ ಮಂಡಿ ಸವೆದೇ ಇರುತ್ತದೆ. (ಜ್ವರ, ತೂಕ ಇಳಿಕೆ, ಕಾಲಿನ ಜೋಮು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ಮಾತು ಬೇರೆ. ಅಲ್ಲಿ ನಮ್ಮ ಪಾಂಡಿತ್ಯ ಬೇಡ, ಡಾಕ್ಟರ ಹತ್ತಿರವೇ ಹೋಗಬೇಕು.)

ಬಲ ಎಂದರೆ ಸ್ನಾಯುವಿನ ಗಾತ್ರ ಎಂಬುದು ಇನ್ನೊಂದು ಅರ್ಧ ಸತ್ಯ. ವ್ಯಾಯಾಮ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲ ಬಹುಮಟ್ಟಿಗೆ ನರಗಳ ಕಲಿಕೆ. ಹೆಚ್ಚು ತಂತುಗಳನ್ನು ಒಟ್ಟಿಗೆ ಕೆಲಸಕ್ಕೆ ಕರೆಯುವುದನ್ನು ನರಮಂಡಲ ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ಆಮೇಲೆ. ನರಮಂಡಲದ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ಬೇಕೇ? ಮಕ್ಕಳು ಒಂಟಿಗಾಲಲ್ಲಿ ನಿಲ್ಲಲಿ, ಜೊತೆಗಾರ ಸೆಕೆಂಡು ಎಣಿಸಲಿ. ಆಮೇಲೆ ಕಣ್ಣು ಮುಚ್ಚಿ ನಿಲ್ಲಲಿ. ಸಮಯ ಥಟ್ಟನೆ ಇಳಿಯುತ್ತದೆ. ಕಣ್ಣು, ಒಳಕಿವಿ, ಪಾದದ ಕೀಲು ಎಲ್ಲವೂ ಅನುಮಸ್ತಿಷ್ಕಕ್ಕೆ ಸುದ್ದಿ ಕಳಿಸುತ್ತಿದ್ದವು ಎಂಬುದನ್ನು ಅಲ್ಲೇ ವಿವರಿಸಬಹುದು. ದಿನಾ ಮಾಡಿಸಿ ಎರಡು ವಾರ ಬರೆದಿಟ್ಟರೆ ಹೆಚ್ಚಿನ ಮಕ್ಕಳ ಸಮಯ ಏರುತ್ತದೆ. ಮೀನಖಂಡ ಅಷ್ಟರಲ್ಲಿ ದಪ್ಪವಾಗಿರುವುದಿಲ್ಲ. ಹಾಗಾದರೆ ಕಲಿತದ್ದು ಯಾವುದು? ಪಾಠಯೋಜನೆಯಲ್ಲಿ 'ಅನ್ವಯ' ಎಂದು ನಾವು ಬರೆಯುವ ಸಾಲಿಗೆ ಆಗ ಅರ್ಥ ಬರುತ್ತದೆ.

ಇನ್ನೊಂದು ಮಾತು ನಮ್ಮವರಿಗೆ ಹಿಡಿಸಲಿಕ್ಕಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ, ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಬಲಪಡಿಸುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠದ ಸಂಖ್ಯೆ ತುಂಬಿಸಲು ಶಾಲೆಯಲ್ಲಿ ಮೊದಲು ಕೇಳುವುದು ಯಾವ ಅವಧಿಯನ್ನು? ದೈಹಿಕ ಶಿಕ್ಷಣದ್ದನ್ನು. ಈ ಸಲ ನಾನು ನೋಡಿದ ನರಮಂಡಲದ ಪಾಠಗಳಲ್ಲಿ ಎರಡು ನಡೆದದ್ದು ಅಂಥ ಅವಧಿಗಳಲ್ಲೇ. ಮಕ್ಕಳು ಕಿಟಕಿಯಾಚೆ ಖಾಲಿ ಮೈದಾನ ನೋಡುತ್ತಾ ಸ್ನಾಯುವಿನ ವ್ಯಾಖ್ಯೆ ಬರೆದುಕೊಳ್ಳುತ್ತಿದ್ದರು.

ಮುಂದಿನ ತಂಡದ ವೇಳಾಪಟ್ಟಿ ಹಾಕುವಾಗ ದೈಹಿಕ ಶಿಕ್ಷಣದ ಅವಧಿ ಕೇಳಕೂಡದೆಂದು ಕಾಲೇಜೇ ಬರೆದು ಕೊಡಲಿ. ಬದಲಿಗೆ ನರಮಂಡಲದ ಒಂದು ಪಾಠವನ್ನು ಪಿ.ಇ. ಮೇಷ್ಟ್ರ ಜೊತೆ ಮೈದಾನದಲ್ಲೇ ಮಾಡಲು ಅನುಮತಿ ಇರಲಿ, ಅದನ್ನೂ ಅಂಕಕ್ಕೆ ಲೆಕ್ಕ ಹಿಡಿಯೋಣ. ಕಣ್ಣು ಮುಚ್ಚಿ ನಿಲ್ಲುವಾಗ ಬೀಳುವ ಮಕ್ಕಳಿರುತ್ತಾರೆ. ಪಕ್ಕದಲ್ಲಿ ಜೊತೆಗಾರ ನಿಂತಿರಲಿ, ನೆಲ ಮಣ್ಣಿನದಾಗಿರಲಿ.