ಮಿಡಿಸೌತೆ ನಮ್ದು, ತಿನ್ನೋರು ಯಾರು? (ಭಾಗ 3)

ದೋಸ್ತ್ರೇ, ಬರ್ಗರ್ ಒಳಗಿನ ಹುಳಿ ಹುಳಿ ಹಸಿರು ಬಿಲ್ಲೆಯನ್ನ ಬೆರಳಿಂದ ಎತ್ತಿ ಬದಿಗಿಡ್ತೀರಲ್ಲ, ಅದರ ಹೆಸರು ಗರ್ಕಿನ್. ನಮ್ಮ ಭಾಷೆಯಾಗ ಮಿಡಿಸೌತೆ. "ಫಾರಿನ್ ಐಟಂ" ಅನ್ನಬ್ಯಾಡ್ರಿ. 1990ರ ದಶಕದಿಂದ ಕರ್ನಾಟಕದ ರೈತರು ಇದನ್ನ ಬೆಳೀತಿದ್ದಾರ. ಜಗತ್ತಿಗೆ ಅತಿ ಹೆಚ್ಚು ಮಿಡಿಸೌತೆ ಕಳಿಸೋ ದೇಶ ನಮ್ದೇ. 2020–21ರಲ್ಲಿ ಸೌತೆ, ಮಿಡಿಸೌತೆ ಸೇರಿ 2,23,515 ಟನ್ ಹೊರದೇಶಕ್ಕ ಹೋಗ್ಯಾವ. ನಿಮ್ಮ ತಾಟಿಗೆ ಎಷ್ಟು ಬಂದಾವ?

ನನ್ನ ಸಿಟ್ಟು ಇರೋದು ಇಲ್ಲೇ. ಬೀಜ ಕೊಡೋದು ಕಂಪನಿ, ಸೈಜು ನೋಡಿ ದರ ಹೇಳೋದೂ ಕಂಪನಿ. ಕಾಯಿ ಸಣ್ಣದಿದ್ದಷ್ಟು ದರ ಜಾಸ್ತಿ. ಒಂದಿನ ಹರಿಯೋದು ತಪ್ಪಿತಂದ್ರ ಕಾಯಿ ದಪ್ಪಾಗಿ ದರ ಬೀಳ್ತದ, ಇಲ್ಲಾ ವಾಪಸ್. ಬದನಿಕಾಯಿ ಆದ್ರ ಸಂತಿಗಾದ್ರೂ ಒಯ್ಯಬಹುದು. ಮಿಡಿಸೌತೆ ಸಂತ್ಯಾಗ ಯಾರು ಕೇಳ್ತಾರ? ಕೊಳ್ಳೋನು ಒಬ್ನೇ ಇದ್ರ ರೈತ ಏನಂತ ಚೌಕಾಸಿ ಮಾಡ್ಯಾನು! ಅದಕ್ಕ ನಾವು ತಿನ್ನೋದು ಕಲೀಬೇಕು. ಮನ್ಯಾಗ ಒಂದು ಬಳ್ಳಿ ಇದ್ರ ಕಲಿಯೋದು ಸಲೀಸು.

"ಶಕ್ತಿನಗರದ ಬಿಸಿಲಿಗೆ ಏನು ಬೆಳೀತದ" ಅಂತೀರಿ. ಏಪ್ರಿಲ್–ಮೇ ಬಿಡ್ರಿ, ಆಗ ನಾವೇ ಬಾಡಿರ್ತೀವಿ. ಜೂನ್ ಮಳಿ ಬಿದ್ದ ಮ್ಯಾಲ, ಇಲ್ಲಾ ದಸರಾ ಮುಗಿದ ಮ್ಯಾಲ ಹಳೇ ಅಕ್ಕಿ ಚೀಲಕ್ಕ ಮಣ್ಣು, ತಿಪ್ಪಿಗೊಬ್ಬರ ತುಂಬಿ ಎರಡು ಬೀಜ ಊರ್ರಿ. ಮಿಡಿಸೌತೆ ಬೀಜ ಸಿಗಲಿಲ್ಲಾ? ನಾಟಿ ಸೌತಿ ಊರಿ ಎಳೇದಿದ್ದಾಗ ಹರೀರಿ, ಎರಡೂ ಒಂದೇ ಜಾತಿ. ಬಳ್ಳಿಗೆ ಕಿಟಕಿ ಸರಳು ಸಾಕು. ಸುಮಾರು 35 ದಿನಕ್ಕ ಕಾಯಿ. ಮೊದಲು ಬರೋವು ಗಂಡು ಹೂ, ಉದುರಿದ್ರ ಗಾಬರಿ ಆಗಬ್ಯಾಡ್ರಿ. ಹಿಂದ ಪುಟ್ಟ ಕಾಯಿ ಹೊತ್ತು ಬರೋದು ಹೆಣ್ಣು. ಜೇನು ಬರಲಿಲ್ಲಂದ್ರ ಮುಂಜಾನೆ ಗಂಡು ಹೂ ಕಿತ್ತು ಅದಕ್ಕ ಸವರ್ರಿ. ನೀರು ತಪ್ಪಿಸಿದ್ರ ಕಾಯಿ ಕಹಿ ಆಗ್ತದ.

ಹಾಂ, ಒಲಿ ಬೂದಿ ಬ್ಯಾರೆ, ಆರ್‌ಟಿಪಿಎಸ್ ಹಾರುಬೂದಿ ಬ್ಯಾರೆ. ಕಲ್ಲಿದ್ದಲ ಬೂದ್ಯಾಗ ಆರ್ಸೆನಿಕ್, ಸೀಸ ಇರ್ತಾವ. ಗೊಬ್ಬರ ಅಂತ ಚೀಲಕ್ಕ ಸುರೀಬ್ಯಾಡ್ರಿ. ಎಲಿ ಮ್ಯಾಲ ಬಿದ್ದದ್ದಕ್ಕ ನೀರು ಚಿಮುಕಿಸ್ರಿ, ಕಾಯಿ ತೊಳೆದೇ ತಿನ್ರಿ.

ಉಪ್ಪಿನಕಾಯಿಗೆ: ಲೀಟರ್ ನೀರಿಗೆ 50 ಗ್ರಾಂ ಉಪ್ಪು, ಬೆಳ್ಳುಳ್ಳಿ, ಹೂವಿನ ತುದಿ ಕತ್ತರಿಸಿದ ಕಾಯಿ (ಬಿಟ್ರ ಮೆತ್ತಗಾಗ್ತದ). ಕಾಯಿ ನೀರಾಗ ಮುಳುಗಿರ್ಲಿ. ಮುಚ್ಚಳ ಬಿಗಿ ಮಾಡಬ್ಯಾಡ್ರಿ, ಗ್ಯಾಸ್ ಏಳ್ತದ. ನಮ್ಮ ಸೆಕೆಗೆ ನಾಲ್ಕು ದಿನದಾಗ ಹುಳಿ ಬರ್ತದ.

ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ, ಪಕ್ಕದಾಗ ಇದು. ತಿಂದು ನೋಡ್ರಿ, ಆಮ್ಯಾಲ ನನ್ನ ಜೋಡಿ ಜಗಳಕ್ಕ ಬರ್ರಿ.

#ಮಿಡಿಸೌತೆ #ಶಕ್ತಿನಗರ #ರಾಯಚೂರು