ಪೊಲೀಸರ ಮಾತೊಂದರ ಮೇಲೆ ಶಿಕ್ಷೆಯೇ? ಅಪೀಲು ಹಾಕಿ

ಗಾಂಜಾ ಕೇಸಿನಲ್ಲಿ ಮಗನಿಗೋ ಗಂಡನಿಗೋ ಶಿಕ್ಷೆಯಾಗಿದೆಯೇ? ತೀರ್ಪು ಬಂತು, ಎಲ್ಲ ಮುಗಿಯಿತು ಎಂದು ಕೈಚೆಲ್ಲಬೇಡಿ. ಪಂಚರಿಬ್ಬರೂ ಪ್ರತಿಕೂಲ ಸಾಕ್ಷ್ಯ ನುಡಿದು, ಹಿಡಿದ ಪೊಲೀಸರ ಹೇಳಿಕೆಯೊಂದೇ ಉಳಿದಿದ್ದರೆ ಆ ಕೇಸನ್ನು ಮೇಲಿನ ಕೋರ್ಟು ಬುಡದಿಂದ ನೋಡಲೇಬೇಕು ಎನ್ನುವುದು ನಮ್ಮ ವಾದ.

"ಪೊಲೀಸರು ಸುಳ್ಳು ಹೇಳಿದರು" ಎಂದು ಗೋಳಾಡಿದರೆ ಅಪೀಲು ಗೆಲ್ಲದು. ನಂಬಲರ್ಹವಾಗಿದ್ದರೆ ಅವರ ಸಾಕ್ಷ್ಯವೊಂದರ ಮೇಲೆಯೇ ಶಿಕ್ಷಿಸಬಹುದು ಎಂದು ಸುಪ್ರೀಂ ಕೋರ್ಟೇ ಹೇಳಿದೆ. ನಂಬಲರ್ಹವೇ? ಅದನ್ನು ಒರೆಗೆ ಹಚ್ಚಬೇಕಾದದ್ದು ಅವರೇ ಬರೆದ ಕಾಗದಗಳಿಗೆ.

ಮಹಜರನ್ನು ತೆಗೆದು ನೋಡಿ. ಸ್ಥಳದಲ್ಲೇ ಕೂತು ಬರೆದೆವು, ಆಮೇಲೆ ಠಾಣೆಗೆ ಹೋಗಿ ಎಫ್‌ಐಆರ್ ದಾಖಲಿಸಿದೆವು ಎಂದು ಸಾಕ್ಷಿ ನುಡಿದಿದ್ದಾರೆಯೇ? ಹಾಗಾದರೆ ಮಹಜರಿನ ನೆತ್ತಿಯ ಮೇಲೆ ಅದೇ ಕೈಬರಹದಲ್ಲಿ ಕ್ರೈಂ ನಂಬರು ಹೇಗೆ ಬಂತು? ಆ ನಂಬರು ಹುಟ್ಟುವುದೇ ಎಫ್‌ಐಆರ್ ಆದ ಮೇಲೆ! ತೂಕವನ್ನೂ ನೋಡಿ. ಕಾನೂನಿನ ಪ್ರಕಾರ ಗಾಂಜಾ ಎಂದರೆ ಗಿಡದ ಹೂ-ಕಾಯಿ ಬಿಟ್ಟ ತುದಿ. ತುದಿಯಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. ಹಸಿ ಗಿಡವನ್ನು ಬೇರುಸಮೇತ ತಕ್ಕಡಿಗೆ ಹಾಕಿ 20 ಕೆ.ಜಿ. ದಾಟಿಸಿದರೆ ಕನಿಷ್ಠ 10 ವರ್ಷ ಜೈಲು.

ಮೈ ತಪಾಸಣೆಯಲ್ಲಿ ಸಿಕ್ಕಿತು ಎಂದಿದ್ದರೆ ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಂ ಇದೆ. ಮ್ಯಾಜಿಸ್ಟ್ರೇಟ್ ಅಥವಾ ಪತ್ರಾಂಕಿತ ಅಧಿಕಾರಿಯ ಎದುರು ತಪಾಸಣೆ ಕೇಳುವ ಹಕ್ಕಿದೆ ಎಂದು ಆರೋಪಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1999ರಲ್ಲಿ, ಮತ್ತೆ 2010ರಲ್ಲಿ ಹೇಳಿತು. (ಬ್ಯಾಗಿನಲ್ಲೋ ವಾಹನದಲ್ಲೋ ಸಿಕ್ಕ ಮಾಲಿಗೆ ಈ ರಕ್ಷಣೆಯಿಲ್ಲ.) ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗದು, ಅದು ಅದೇ ಕೋರ್ಟಿನ 2020ರ ತೂಫಾನ್ ಸಿಂಗ್ ತೀರ್ಪು.

ಇಷ್ಟು ಪಟ್ಟು ಏಕೆಂದರೆ, ಮಾಲು ವಶದಲ್ಲಿತ್ತು ಎಂದು ಸಾಬೀತಾದರೆ ನಿರಪರಾಧಿ ಎಂದು ತೋರಿಸುವ ಹೊರೆಯನ್ನು ಈ ಕಾಯ್ದೆ ಆರೋಪಿಯ ಹೆಗಲಿಗೇ ಹಾಕುತ್ತದೆ. ಆ ಮೊದಲ ಮೆಟ್ಟಿಲೇ ಅಲುಗಾಡುತ್ತಿದ್ದರೆ ಮುಂದಿನದಕ್ಕೆ ಅರ್ಥವೇನು?

ವಿಶೇಷ ನ್ಯಾಯಾಲಯದ ಶಿಕ್ಷೆಯಾದರೆ 60 ದಿನದೊಳಗೆ ಹೈಕೋರ್ಟಿಗೆ ಅಪೀಲು ಹೋಗಬೇಕು: ಬೆಂಗಳೂರು, ಧಾರವಾಡ, ಕಲಬುರಗಿ. ತಡವಾದರೆ ಕಾರಣ ತೋರಿಸಿ ಮನ್ನಾ ಕೇಳಬಹುದು. ಸಣ್ಣ ಪ್ರಮಾಣದ ಕೇಸಿನಲ್ಲಿ ಮ್ಯಾಜಿಸ್ಟ್ರೇಟ್ ಶಿಕ್ಷಿಸಿದ್ದರೆ ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ಜೈಲಿನಲ್ಲಿರುವವರು ಜೈಲಧಿಕಾರಿಯ ಮೂಲಕವೇ ಅರ್ಜಿ ಕಳಿಸಬಹುದು. ಬಂಧನದಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಕೇಸು ಇನ್ನೂ ನಡೆಯುತ್ತಿರುವವರು ಕೇಳಿ: "ತಪ್ಪೊಪ್ಪಿಕೊಂಡು ಫೈನ್ ಕಟ್ಟಿ, ಮನೆಗೆ ಹೋಗಿ" ಎನ್ನುವವರ ಮಾತಿಗೆ ತಲೆಯಾಡಿಸಬೇಡಿ. ಒಪ್ಪಿಕೊಂಡವರಿಗೆ ಶಿಕ್ಷೆಯ ಪ್ರಮಾಣ, ಕಾನೂನುಬದ್ಧತೆ ಬಿಟ್ಟು ಬೇರೆ ಅಪೀಲಿಲ್ಲ.

ತೀರ್ಪಿನ ನಕಲು ಪುಕ್ಕಟೆ ಸಿಗುತ್ತದೆ, ಕೇಳಿ ಪಡೆಯಿರಿ. ಜೊತೆಗೆ ಮಹಜರು, ಪ್ರಯೋಗಾಲಯದ ವರದಿ, ಪೊಲೀಸರ ಪಾಟೀಸವಾಲಿನ ಪುಟಗಳು. ಇಷ್ಟನ್ನು ಹಿಡಿದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಸಹಾಯವಾಣಿ: 15100.