ಗುರುತು ಬಿದ್ದ ಡಾಲರು, ಹೆಸರು ಹಾಕಿಸಿದ ತಂಬಗಿ

ಹೋದ ತಿಂಗಳ ನಮ್ಮ ತಂಗಿ ಮನ್ಯಾಗ ಒಂದು ಬೆಳ್ಳಿ ನಾಣ್ಯದ ಸಲುವಾಗಿ ದೊಡ್ಡ ಪಂಚಾಯ್ತಿನ ನಡೀತು. ಆಕಿ ಮಗಳು ಹಾಂಗ್‌ಕಾಂಗ್‌ನ್ಯಾಗ ಇರ್ತಾಳ ಅಂತ ನಿಮಗೆಲ್ಲಾ ಗೊತ್ತದ. ಈ ಸಲ ಬರೋವಾಗ ಅವ್ವಗಂತ ತನ್ನ ಪಗಾರದಾಗ ಒಂದು ಹಳೇ ಡಾಲರು ತಗೊಂಡು ಬಂದಿದ್ಲು. 1902ರದು. ನಮ್ಮ ಹಳೇ ಬೆಳ್ಳಿ ರೂಪಾಯಿಗಿಂತ ಎರಡು ಪಟ್ಟು ಮೀರಿ ತೂಕ. ಒಂದು ಕಡೆ ತ್ರಿಶೂಲ ಹಿಡಕೊಂಡು ನಿಂತ ಹೆಣ್ಣುಮಗಳು, ಇನ್ನೊಂದು ಕಡೆ ಚೀನೀ ಅಕ್ಷರ. ಅದರ ಮ್ಯಾಲೆ ಅಲ್ಲಲ್ಲಿ ಉಳಿಲೆ ಬಡದಂಗ ಏಳೆಂಟು ಸಣ್ಣ ಗುರುತು.

ತಂಗಿ ಅದನ್ನ ಪ್ಯಾಟ್ಯಾಗ ಬೆಳ್ಳಿ ಅಂಗಡ್ಯಾಗ ತೋರಿಸಿದ್ಲು. "ಪೆಟ್ಟು ಬಿದ್ದದರಿ ಅಕ್ಕಾರ, ಬೇಕಾದ್ರ ಬೆಳ್ಳಿ ರೇಟಿಗೆ ತಗೋತೀನಿ" ಅಂದ್ರಂತ. ಮನಿಗೆ ಬಂದು "ಪಾಪ, ನಮ್ಮ ಹುಡುಗಿ ಮೋಸ ಹೋಗ್ಯಾಳ" ಅಂತ ಎಲ್ಲಾರ ಮುಂದ ಅಂದುಬಿಟ್ಲು. ಹುಡುಗಿ ಅಡಗಿಮನಿಗೆ ಹೋಗಿ ಕಣ್ಣು ಒರೆಸಿಕೊಂಡ್ಲು. ನನಗ ಸುಮ್ಮನಿರ್ಲಿಕ್ಕೆ ಆಗಲಿಲ್ಲ.

ಆ ಗುರುತು ಪೆಟ್ಟಲ್ರಿ. ಅದು ಛಾಪ. ಇಂಗ್ಲಿಷಿನವರು ಅದಕ್ಕ ಚಾಪ್ ಅಂತಾರ, ಆ ಶಬ್ದ ಹೋಗಿದ್ದ ನಮ್ಮ ಕಡೆ ಛಾಪದಿಂದ. ಆಗ ಚೀನಾದಾಗ ವ್ಯಾಪಾರ ಎಲ್ಲಾ ಬೆಳ್ಳಿ ಮ್ಯಾಲೆ. ಮೆಕ್ಸಿಕೋದಾಗ ಹೊಡೆದ ಸ್ಪೇನಿನ ನಾಣ್ಯ, ಆಮ್ಯಾಲೆ 1873ರಿಂದ 1878ರ ತನಕ ಅಮೆರಿಕಾದ ಟ್ರೇಡ್ ಡಾಲರು, 1895ರಿಂದ ಬ್ರಿಟಿಷರ ಡಾಲರು, ಎಲ್ಲಾ ಅಲ್ಲಿ ಹೋಗಿ ಬಿದ್ದವು. ಖೊಟ್ಟಿ ನಾಣ್ಯನೂ ಕೂಡೇ ಬಂದವು. ಹಿಂಗಾಗಿ ಅಲ್ಲಿ ವ್ಯಾಪಾರಸ್ಥರು, ನಾಣ್ಯ ಪರೀಕ್ಷೆ ಮಾಡೋವ್ರು, ಬೆಳ್ಳಿ ಖರೇ ಅದನೋ ಇಲ್ಲೋ ನೋಡಿ, ಖರೇ ಇದ್ರ ತಮ್ಮ ಅಕ್ಷರ ಇಲ್ಲಾ ಚಿಹ್ನೆ ಒತ್ತತಿದ್ರು. "ಇದನ್ನ ನಾ ನೋಡೀನಿ, ಛೊಲೋ ಅದ" ಅಂತ ಜಾಮೀನು ಕೊಟ್ಟಂಗ. ಕೆಲವು ನಾಣ್ಯ ಛಾಪ ತಿಂದು ತಿಂದು ಬಟ್ಟಲದಂಗ ತಗ್ಗಾಗಿಬಿಡ್ತಿದ್ದವು, ಅವನ್ನ ಕಡೀಕ ತೂಕದ ಮ್ಯಾಲೆ ತಗೋತಿದ್ರು.

ಹಿಂಗ ಪರೀಕ್ಷೆ ಮಾಡೋವ್ರಿಗೆ ಅಲ್ಲೆ ಶ್ರಾಫ್ ಅಂತಿದ್ರು, ಅಂದ್ರ ನಮ್ಮ ಸರಾಫ. ಹಾಂಗ್‌ಕಾಂಗ್‌ನ್ಯಾಗ ಇವತ್ತಿಗೂ ಗಾಡಿ ನಿಲ್ಲಿಸೋ ಜಾಗಾದಾಗ, ದವಾಖಾನ್ಯಾಗ, ರೊಕ್ಕಾ ತುಂಬೋ ಕಿಟಕಿ ಮ್ಯಾಲೆ ಅದ ಶಬ್ದ ಬರದಿರ್ತದ. ನಮ್ಮ ಹುಡುಗಿ ಫೋಟೋ ತೋರಿಸಿದ್ಲು. ಇನ್ನೊಂದು ಕೇಳ್ರಿ, ಆ ನಾಣ್ಯದ ತ್ರಿಶೂಲದ ನಡುವಿನ ಮೊನಿಯೊಳಗ ಕಣ್ಣಿಗೆ ಕಾಣ್ತದೋ ಇಲ್ಲೋ ಅನ್ನೋವಷ್ಟು ಸಣ್ಣ 'ಬಿ' ಅಕ್ಷರ ಅದ. ಅಂದ್ರ ಅದು ಹುಟ್ಟಿದ್ದು ನಮ್ಮ ಮುಂಬೈ ಟಂಕಸಾಲ್ಯಾಗ! ಮುಂಬೈಯಿಂದ ಹೋಗಿ, ಚೀನೀಯರ ಕೈಯಾಗ ಛಾಪ ಹಾಕಿಸಿಕೊಂಡು, ನೂರಾ ಇಪ್ಪತ್ತು ವರ್ಷ ದಾಟಿದ ಮ್ಯಾಲೆ ತವರಿಗೆ ಬಂದದ.

ಈಗ ಗ್ರೇಡಿಂಗ್ ಮಾತು. ಅಳಿಯ ಒಂದ ಸವನೆ "ಅಮೆರಿಕಾದ ಕಂಪನಿಗೆ ಕಳಿಸೋಣು" ಅಂತಿದ್ದ. ಅವರು ನಾಣ್ಯ ನೋಡಿ 1ರಿಂದ 70ರೊಳಗ ಮಾರ್ಕ್ಸ್ ಕೊಟ್ಟು, ಪ್ಲಾಸ್ಟಿಕ್ ಡಬ್ಬ್ಯಾಗ ಮುಚ್ಚಿ ಕಳಸ್ತಾರ. 60ರ ಮ್ಯಾಲೆ ಬಂದ್ರ ಅದು ಚಲಾವಣ್ಯಾಗ ಸವೀಲೇ ಇಲ್ಲ ಅಂತ ಅರ್ಥ. ಛಾಪ ಬಿದ್ದ ನಾಣ್ಯ ಬಂದ್ರ ಭಾಳ ದಿವಸ ಅದನ್ನ ಪೆಟ್ಟು ಬಿದ್ದದ್ದು ಅಂತನ ತಿಳೀತಿದ್ರು. ಈಗ ಪಿ.ಸಿ.ಜಿ.ಎಸ್. ಅನ್ನೋ ಕಂಪನಿಯವರು ಅಂಥಾವಕ್ಕೂ ನಂಬರ್ ಕೊಟ್ಟು, ಚೀಟಿ ಮ್ಯಾಲೆ 'ಚಾಪ್ ಮಾರ್ಕ್' ಅಂತ ಬರೀತಾರ. ನನ್ನ ಕೇಳಿದ್ರ ಇದ ಸರಿ.

ನಮ್ಮ ಮನಿಯವ್ರು ಒಪ್ಪಲಿಲ್ಲ. "ಟಂಕಸಾಲಿಯಿಂದ ಹೊರಗ ಬಂದ ಮ್ಯಾಲೆ ಬಿದ್ದದ್ದೆಲ್ಲಾ ಪೆಟ್ಟ" ಅಂದ್ರು. ನಾ ಮಾಡದ ಮ್ಯಾಲಿನ ನಮ್ಮ ಅತ್ತಿಯವರ ಹಿತ್ತಾಳಿ ತಂಬಗಿ ಇಳಿಸಿ ಮುಂದ ಇಟ್ಟೆ. ಅದರ ಕಂಠದ ಮ್ಯಾಲೆ ಚುಕ್ಕಿ ಚುಕ್ಕಿ ಬಡದು ಅವರ ತವರುಮನಿ ಹೆಸರು ಹಾಕಿಸ್ಯಾರ. "ಇದೂ ಪೆಟ್ಟೇನ್ರಿ?" ಅಂದೆ. ನೆಲಕ್ಕ ಬಿದ್ದು ಆದ ನೆಗ್ಗಿಗೆ ಯಾರೂ ಹೊಣಿ ಇಲ್ಲ. ಹೆಸರು ಹಾಕಿಸಿದ್ದಕ್ಕ ಒಬ್ಬರು ಹೊಣಿ ಇರ್ತಾರ. ಛಾಪಕ್ಕೂ ಹಂಗ. ಎರಡನ್ನೂ ಒಂದ ತಕ್ಕಡ್ಯಾಗ ಹಾಕಬಾರದು.

ಆದ್ರ ಗ್ರೇಡಿಂಗ್ ಬ್ಯಾಡ ಅಂತ ನಾ ಅನ್ನಂಗಿಲ್ಲ. ಈ ಡಾಲರುಗಳ ಖೊಟ್ಟಿ ನಕಲು ಬೇಕಾದಷ್ಟು ಅವ, ನಕಲಿ ಮ್ಯಾಲೆ ನಕಲಿ ಛಾಪನೂ ಒತ್ತತಾರ. ಖರೇ ಖೊಟ್ಟಿ ಹೇಳ್ಲಿಕ್ಕೆ ಬಲ್ಲವರು ಬೇಕಾ ಬೇಕು. ಅವರೂ ಈಗಿನ ಕಾಲದ ಸರಾಫರ ಅಲ್ಲೇನು! ಮಾರೋದಿದ್ರ ಕಳಿಸ್ರಿ. ಇಟಗೊಳ್ಳೋದಿದ್ರ, ನಂಬರಿನ ಹುಚ್ಚಿಗೆ ಫೀ, ಅಂಚೆ ಅಂತ ರೊಕ್ಕಾ ಯಾಕ ಸುರೀಬೇಕು? ಮನಿ ಮಟ್ಟಿಗೆ ತೂಕ ನೋಡ್ರಿ, ಈ ಬ್ರಿಟಿಷ್ ಡಾಲರು 27 ಗ್ರಾಮಿಗೆ ಚೂರು ಕಡಿಮಿ ಇರಬೇಕು. ಅಯಸ್ಕಾಂತಕ್ಕ ಅಂಟಬಾರದು. ನಾವು ನಮ್ಮ ತಕ್ಕಡ್ಯಾಗ ತೂಗಿದ್ವಿ, ಸರಿ ಬಂತು. ಇಷ್ಟಕ್ಕ ಪೂರ್ತಿ ಖಾತ್ರಿ ಆಗಂಗಿಲ್ಲ ಖರೆ, ಆದ್ರ ಕಳಪಿ ನಕಲಿ ಇದ್ರ ಇಲ್ಲೇ ಸಿಕ್ಕು ಬೀಳ್ತದ.

ಒಂದು ಮಾತ್ರ ಕೈ ಮುಗದು ಹೇಳ್ತೀನಿ. ದೀಪಾವಳಿ ಅಮಾಸಿಗೆ ಲಕ್ಷ್ಮೀ ಪೂಜಿ ಡಬ್ಬಿ ತಗದಾಗ ಹಳೇ ನಾಣ್ಯ ಹುಣಸಿಹಣ್ಣು, ವಿಭೂತಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕಬ್ಯಾಡ್ರಿ. ಹಂಗ ತಿಕ್ಕಿದ್ದು ಗೊತ್ತಾದ್ರ ಗ್ರೇಡಿಂಗಿನವರು ನಂಬರ್ ಕೊಡಂಗಿಲ್ಲ, ಅದು ನ್ಯಾಯನೂ ಹೌದು. ಛಾಪ ಒಂದು ಸುದ್ದಿ ಕೂಡಿಸ್ತದ, ತಿಕ್ಕಿದ್ರ ಇದ್ದ ಸುದ್ದಿನೂ ಅಳಸ್ತದ. ನಮ್ಮ ಹಳೇ ರೂಪಾಯಿ ಮ್ಯಾಲೂ ಸರಾಫರ ಗುರುತು ಇರ್ತಾವ, ಮೆತ್ತನ ಅರಿವ್ಯಾಗ ಸುತ್ತಿ ಇಡ್ರಿ.

ತಂಗಿ ಆ ಡಾಲರು ಮಾರಲಿಲ್ಲ. ದೇವರ ಮುಂದ ಇಟ್ಟಾಳ. ಮಗಳಿಗೆ ಫೋನ್ ಹಚ್ಚಿ, "ಎಷ್ಟು ಛಾಪ ಅವ ಎಣಸೀನಿ, ಎಂಟು" ಅಂದ್ಲಂತ.